ಬೀಜಿಂಗಿನ ಓಣಿಗಳಲ್ಲಿ ಒಂದಕ್ಷರದ ಒಗಟು

ಬೀಜಿಂಗ್ ನಗರದ ಹಳೆಯ ಅರಮನೆಯಿಂದ ಉತ್ತರಕ್ಕೆ ಹೊರಟು, ಜಿಂಗ್‌ಶಾನ್ ಎಂಬ ಕೃತಕ ಗುಡ್ಡವನ್ನು ಬಳಸಿ ಮುಂದೆ ನಡೆದರೆ, ನೇರವಾದ ಬೀದಿಯ ತುದಿಯಲ್ಲಿ ಕೆಂಪು ಗೋಡೆಯ ಭಾರಿ ಕಟ್ಟಡವೊಂದು ದಾರಿಗೆ ಅಡ್ಡವಾಗಿ ನಿಂತಿರುವುದು ಕಾಣುತ್ತದೆ. ಅದೇ ಗುಲೌ, ಎಂದರೆ ನಗಾರಿಯ ಗೋಪುರ. ಅದರ ಬೆನ್ನಿಗೇ ಬೂದುಬಣ್ಣದ ಗಂಟೆಯ ಗೋಪುರವಿದೆ. ಕುಬ್ಲೈ ಖಾನನ ಆಳ್ವಿಕೆಯಲ್ಲಿ, 1272ರಲ್ಲಿ, ಈ ಸೀಮೆಯಲ್ಲಿ ಮೊದಲ ನಗಾರಿ ಗೋಪುರ ಎದ್ದಿತು. ಇಂದು ನಿಂತಿರುವ ಗೋಪುರದ ಮೂಲ ಮಿಂಗ್ ವಂಶದ ಕಾಲದ್ದು, 1420ರದು. ಅರಮನೆಯಿಂದ ಈ ಗೋಪುರಗಳವರೆಗೆ ಸಾಗುವ ನಗರದ ನಡುಗೆರೆಯನ್ನು 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಗಡಿಯಾರಗಳು ಮನೆಮನೆಗೆ ಬರುವ ಮುನ್ನ ಊರಿಗೆಲ್ಲ ಹೊತ್ತನ್ನು ಸಾರುತ್ತಿದ್ದುದು ಈ ಎರಡು ಗೋಪುರಗಳೇ. ಕೊನೆಯ ಚಕ್ರವರ್ತಿ ಅರಮನೆಯನ್ನು ಬಿಟ್ಟು ಹೊರಟ 1924ರವರೆಗೂ ಇಲ್ಲಿ ನಗಾರಿ ಮೊಳಗುತ್ತಿತ್ತು. ಆದರೆ ವಿಚಿತ್ರವನ್ನು ನೋಡಿ: ಶತಮಾನಗಳ ಕಾಲ ಜಾವಜಾವಕ್ಕೂ ಹೊತ್ತನ್ನು ಎಣಿಸಿದ ಈ ಗೋಪುರದ ನೆರಳಿನಲ್ಲಿ ಬಾಳುವ ಜನರು ಆಡುವ ಭಾಷೆಯಲ್ಲಿ ಕ್ರಿಯಾಪದಕ್ಕೆ ಕಾಲವೆಂಬುದೇ ಇಲ್ಲ. ಭೂತ, ವರ್ತಮಾನ, ಭವಿಷ್ಯತ್ತುಗಳೆಂದು ಅದು ರೂಪ ಬದಲಿಸುವುದಿಲ್ಲ. ಪುರುಷ, ಲಿಂಗ, ವಚನಗಳ ಗೊಡವೆಯೂ ಅದಕ್ಕಿಲ್ಲ. ಹೋಗುವವನು ನಾನಾಗಲಿ ಅವಳಾಗಲಿ, ಒಬ್ಬನಾಗಲಿ ಹತ್ತು ಮಂದಿಯಾಗಲಿ, ನಿನ್ನೆಯಾಗಲಿ ನಾಳೆಯಾಗಲಿ, ‘ಛ್ಯೂ’ ಎಂಬುದು ‘ಛ್ಯೂ’ ಆಗಿಯೇ ಉಳಿಯುತ್ತದೆ.

ಇಷ್ಟು ಸರಳವಾದ ಭಾಷೆಯನ್ನು ಕಲಿಯುವುದು ನೀರು ಕುಡಿದಷ್ಟು ಸುಲಭವೆಂದು ಹೊಸದಾಗಿ ಕಲಿಯಹೊರಟವನು ಸಂತೋಷಪಡುತ್ತಾನೆ. ಆ ಸಂತೋಷ ಬಹಳ ದಿನ ನಿಲ್ಲುವುದಿಲ್ಲ. ಕೆಲವೇ ಪಾಠಗಳಲ್ಲಿ ಅವನೆದುರಿಗೆ ಒಂದು ಪುಟ್ಟ ಅಕ್ಷರ ಬಂದು ನಿಲ್ಲುತ್ತದೆ. ಬರೆಯುವುದಕ್ಕೆ ಎರಡೇ ಗೀಟು. ಉಚ್ಚಾರಣೆ ‘ಲ’ ಎಂದು, ಅದೂ ಒತ್ತಿಲ್ಲದೆ, ಮಾತಿನ ಬಾಲದಲ್ಲಿ ಜಾರಿಹೋಗುವಂತೆ. ಚೀನೀ ಬರಹದಲ್ಲಿ ಅತಿ ಹೆಚ್ಚಾಗಿ ಬರುವ ಹತ್ತು ಅಕ್ಷರಗಳನ್ನು ಆರಿಸಿದರೆ ಅವುಗಳಲ್ಲಿ ಇದೂ ಒಂದು. ಹಲವು ವರ್ಷ ಆ ಭಾಷೆಯಲ್ಲಿ ಪಳಗಿದ ವಿದೇಶೀಯರೂ ಈ ‘ಲ’ವನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂದು ತಡವರಿಸುವುದುಂಟು.

ಓಣಿಯ ಮುಂಜಾವು

ನಗಾರಿ ಗೋಪುರದ ಎರಡೂ ಮಗ್ಗುಲಲ್ಲಿ ಹಳೆಯ ಬೀಜಿಂಗಿನ ಓಣಿಗಳು ಹಬ್ಬಿವೆ. ಅವಕ್ಕೆ ಅಲ್ಲಿನ ಹೆಸರು ‘ಹುಥುಂಗ್’. ಬೂದುಬಣ್ಣದ ಇಟ್ಟಿಗೆಯ ಗೋಡೆಗಳು, ಒಂದೇ ಅಂತಸ್ತಿನ ಮನೆಗಳು, ನಡುವೆ ಅಂಗಳ, ಅಂಗಳದ ಸುತ್ತ ನಾಲ್ಕು ಕಡೆಯೂ ಕೋಣೆಗಳು. ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಬೆಳಗಿನ ಹೊತ್ತು ಓಣಿಯ ಮೂಲೆಯ ಅಂಗಡಿಯಲ್ಲಿ ಬಿದಿರಿನ ಬುಟ್ಟಿಗಳಿಂದ ಹಬೆ ಏಳುತ್ತಿರುತ್ತದೆ. ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲುಗಳನ್ನು ಸೋಯಾ ಹಾಲಿನಲ್ಲಿ ಅದ್ದಿ ತಿನ್ನುವವರು ಸಣ್ಣ ಮಣೆಗಳ ಮೇಲೆ ಕುಳಿತಿರುತ್ತಾರೆ. ಪಂಜರದ ಹಕ್ಕಿಯನ್ನು ಗಾಳಿಗೆ ಕರೆದೊಯ್ಯುವ ಮುದುಕರು ಒಬ್ಬರಿಗೊಬ್ಬರು ಎದುರಾಗುತ್ತಾರೆ.

ಎದುರಾದಾಗ ಹಳೆಯ ಕಾಲದ ಬೀಜಿಂಗಿನವರು ಆಡುವ ಮಾತು ಒಂದೇ: “ನಿನ್ ಛರ್ ಲ ಮ?” ‘ನಿನ್’ ಎಂಬುದು ಆ ಊರಿನವರು ಹಿರಿಯರಿಗೆ ಬಳಸುವ ಬಹುವಚನದಂಥ ಗೌರವದ ಮಾತು, ನಮ್ಮ ‘ತಾವು’ ಇದ್ದಂತೆ. ‘ಛರ್’ ಎಂದರೆ ಉಣ್ಣು. ಕೊನೆಯ ‘ಮ’ ಪ್ರಶ್ನೆಯ ಗುರುತು. ನಡುವೆ ಕುಳಿತದ್ದೇ ಆ ‘ಲ’. ಇಂಗ್ಲಿಷಿನ ಮೂಲಕ ಚೀನೀ ಭಾಷೆಯನ್ನು ಕಲಿತು ಬಂದವನು ಈ ಪ್ರಶ್ನೆಯನ್ನು ಕೇಳಿ ಗಲಿಬಿಲಿಗೊಳ್ಳುತ್ತಾನೆ. ತನ್ನ ಊಟದ ಸುದ್ದಿ ಇವರಿಗೇಕೆ? ತಾನು ಯಾವಾಗ ಉಂಡೆನೆಂದು ತಿಳಿದು ಇವರಿಗೇನಾಗಬೇಕು? ಇದು ಊಟಕ್ಕೆ ಕರೆಯುವ ಪೀಠಿಕೆಯೋ ಏನೋ ಎಂದು ಕೆಲವರು ಕಾದದ್ದೂ ಉಂಟು.

ಕನ್ನಡ ನಾಡಿನಿಂದ ಹೋದವನಿಗೆ ಇಂಥ ಗಲಿಬಿಲಿಗೆ ಕಾರಣವೇ ಇಲ್ಲ. “ಊಟ ಆಯಿತೇ?” ಎಂದು ಕೇಳುವ ಬೀದಿಯಿಂದಲೇ ಅವನು ಹೊರಟು ಬಂದಿರುತ್ತಾನೆ. ಆ ಪ್ರಶ್ನೆಗೆ ಅನ್ನ, ಸಾರುಗಳ ವಿವರ ಕೊಡಬೇಕಾಗಿಲ್ಲವೆಂದು ಅವನು ಬಲ್ಲ. ಅಷ್ಟೇ ಅಲ್ಲ, ‘ಛರ್ ಲ’ ಎಂಬುದನ್ನು ‘ಉಂಡೆಯಾ’ ಎನ್ನುವುದಕ್ಕಿಂತ ‘ಊಟ ಆಯಿತು’ ಎಂದರೆ ಅದರ ನಿಜವಾದ ರುಚಿ ಹತ್ತುತ್ತದೆ. ಒಂದು ಕೆಲಸ ಹಿಂದೆ ನಡೆಯಿತೆಂಬ ವರದಿಗಿಂತ, ಅದರಿಂದ ಈಗ ಆಗಿರುವ ಸ್ಥಿತಿಯೇ ಆ ಮಾತಿನಲ್ಲಿ ಮುಖ್ಯ. ಹೊಟ್ಟೆ ತುಂಬಿದೆ, ಆ ಚಿಂತೆ ಕಳೆಯಿತು, ಇನ್ನು ಬೇರೆ ಮಾತು ಆಡಬಹುದು. ಆ ಎರಡು ಗೀಟಿನ ಅಕ್ಷರದ ಗುಟ್ಟು ‘ಆಯಿತು’ ಎಂಬ ಈ ಮನೆಮಾತಿನ ಹತ್ತಿರದಲ್ಲಿಯೇ ಇದೆ.

ಇನ್ನೂ ಬಾರದವನು “ಬಂದೆ” ಎನ್ನುವುದು

‘ಲ’ ಎಂದರೆ ಭೂತಕಾಲದ ಪ್ರತ್ಯಯವೆಂದು ಉರುಹಾಕಿದವನಿಗೆ ದಿನವಿಡೀ ಪೆಟ್ಟು ಬೀಳುತ್ತಲೇ ಇರುತ್ತದೆ. ಮಧ್ಯಾಹ್ನ ಉಪಾಹಾರ ಗೃಹವೊಂದರಲ್ಲಿ ಕುಳಿತು ಅವನು ಮಾಣಿಯನ್ನು ಕೂಗುತ್ತಾನೆ. ಒಳಗಿನಿಂದ “ಲಾಯ್ ಲ! ಲಾಯ್ ಲ!” ಎಂಬ ಉತ್ತರ ಬರುತ್ತದೆ. ‘ಲಾಯ್’ ಎಂದರೆ ಬರು. ವ್ಯಾಕರಣದ ಲೆಕ್ಕದಲ್ಲಿ ಮಾಣಿ ಬಂದಾಗಿದೆ. ಕಣ್ಣಿಗೆ ಮಾತ್ರ ಅವನು ಕಾಣುವುದಿಲ್ಲ. ಅಡಿಗೆಮನೆಯ ಬಾಗಿಲಿನ ಆಚೆ ಕೈಯಲ್ಲಿ ತಟ್ಟೆ ಹಿಡಿದು ಇನ್ನೂ ನಿಂತೇ ಇದ್ದಾನೆ. ಇಂಗ್ಲಿಷ್ ಬಲ್ಲವನು ಅವನ ಮಾತನ್ನು ‘ಬರುತ್ತಿದ್ದೇನೆ’ ಎಂದು ತಿದ್ದಿಕೊಂಡು, ಹಾಗಾದರೆ ಈ ‘ಲ’ ವರ್ತಮಾನಕ್ಕೂ ಸಲ್ಲುತ್ತದೆಯೇ ಎಂದು ತಲೆ ಕೆರೆದುಕೊಳ್ಳುತ್ತಾನೆ.

ನಮ್ಮ ಊರುಗಳಲ್ಲಿ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಕೇಳುವ ಮಾತು ಯಾವುದು? “ಬಂದೆ, ಬಂದೆ” ಎಂಬುದೇ ಅಲ್ಲವೇ? ಹಾಗೆಂದವರು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿರಬಹುದು. ಆದರೂ ಆ ಮಾತು ಸುಳ್ಳಲ್ಲ. ಕರೆಯನ್ನು ಕೇಳಿದ ಕ್ಷಣದಲ್ಲೇ ಸ್ಥಿತಿ ಬದಲಾಯಿತು, ಬರದಿದ್ದವರು ಬರುವವರಾದರು. ಆ ತಿರುವನ್ನು ಕನ್ನಡ ಭೂತಕಾಲದ ರೂಪದಿಂದ ಹೇಳುತ್ತದೆ, ಚೀನೀ ಭಾಷೆ ‘ಲ’ಕಾರದಿಂದ ಹೇಳುತ್ತದೆ.

ಬೀಜಿಂಗಿನಲ್ಲಿ ವರ್ಷದ ಮಳೆಯ ಹೆಚ್ಚು ಪಾಲು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸುರಿಯುತ್ತದೆ. ಗೋಪುರದ ಪಶ್ಚಿಮಕ್ಕಿರುವ ಶಿಛಾಹಾಯ್ ಸರೋವರಗಳ ದಂಡೆಯಲ್ಲಿ ಚದುರಂಗ ಆಡುತ್ತಿರುವ ಮುದುಕರ ಮೇಲೆ ಹನಿ ಬಿದ್ದೊಡನೆ ಯಾರಾದರೊಬ್ಬರು “ಶ್ಯಾ ಯೂ ಲ” ಎನ್ನುತ್ತಾರೆ. ಮಳೆ ಸುರಿದು ನಿಂತಿತೆಂದು ಇದರ ಅರ್ಥವಲ್ಲ. ಅದು ಈಗಷ್ಟೇ ಶುರುವಾಗಿದೆ. ಕನ್ನಡಿಗನೂ ಒಣಗಲು ಹಾಕಿದ ಹಪ್ಪಳವನ್ನು ಎತ್ತಿಕೊಳ್ಳುತ್ತ “ಮಳೆ ಬಂತು!” ಎಂದೇ ಕೂಗುತ್ತಾನೆ. ಚಳಿಗಾಲದಲ್ಲಿ ಅದೇ ಸರೋವರಗಳ ನೀರು ಹೆಪ್ಪುಗಟ್ಟಿ ಮಕ್ಕಳು ಅದರ ಮೇಲೆ ಜಾರಾಡುತ್ತಾರೆ. ನವೆಂಬರ್ 15ರ ಸುಮಾರಿಗೆ ನಗರದ ಮನೆಗಳ ಕೊಳವೆಗಳಲ್ಲಿ ಬಿಸಿನೀರು ಹರಿದು ಕೋಣೆಗಳು ಬೆಚ್ಚಗಾಗತೊಡಗುತ್ತವೆ. ಆ ಏರ್ಪಾಡು ಮಾರ್ಚ್ 15ರವರೆಗೆ ನಡೆಯುತ್ತದೆ. ಕೊಳವೆಯನ್ನು ಮುಟ್ಟಿ ನೋಡಿದ ಗೃಹಿಣಿ “ನ್ವಾನ್ ಛಿ ಲಾಯ್ ಲ” ಎಂದು ನಿಟ್ಟುಸಿರು ಬಿಡುತ್ತಾಳೆ: ಕಾವು ಬಂತು. ನಿನ್ನೆ ಇರಲಿಲ್ಲ, ಇಂದು ಇದೆ.

ಸುರಂಗ ರೈಲಿನಲ್ಲಿ ಕುಳಿತರೂ ಈ ಅಕ್ಷರ ಬಿಡುವುದಿಲ್ಲ. ನಿಲ್ದಾಣ ಬಂದೊಡನೆ ಧ್ವನಿವರ್ಧಕವು ಊರಿನ ಹೆಸರು ಹೇಳಿ “ದಾವ್ ಲ” ಎನ್ನುತ್ತದೆ, ‘ತಲುಪಿತು’ ಎಂದು. ಬೆಂಗಳೂರಿನ ಬಸ್ಸಿನ ನಿರ್ವಾಹಕ “ಮೆಜೆಸ್ಟಿಕ್ ಬಂತು, ಇಳೀರಿ” ಎನ್ನುವಾಗ ಇದನ್ನೇ ಹೇಳುತ್ತಾನೆ. ಮೆಜೆಸ್ಟಿಕ್ ಎಲ್ಲಿಂದಲೂ ಬರಲಿಲ್ಲ. ಅದು ಇದ್ದಲ್ಲಿಯೇ ಇತ್ತು. ಬದಲಾದದ್ದು ಪ್ರಯಾಣಿಕನ ಸ್ಥಿತಿ. ಸಂತೆಯಲ್ಲಿ ಬೆಲೆ ಕೇಳಿ ಹೌಹಾರಿದವನು “ಥಾಯ್ ಗ್ವೇ ಲ” ಎನ್ನುತ್ತಾನೆ. ‘ಗ್ವೇ’ ಎಂದರೆ ದುಬಾರಿ. ಇಲ್ಲಿ ಯಾವ ಕ್ರಿಯೆಯೂ ನಡೆದಿಲ್ಲ, ಯಾವ ಭೂತಕಾಲವೂ ಇಲ್ಲ. ಆದರೂ ‘ಲ’ ಇದೆ. “ಬಹಳ ಹೆಚ್ಚಾಯಿತು” ಎಂದು ಚೌಕಾಸಿಗಿಳಿಯುವ ಗಿರಾಕಿಯ ಮಾತನ್ನು ನೆನೆದರೆ ಇದೂ ಅರ್ಥವಾಗುತ್ತದೆ. ಬೆಲೆ ಮಿತಿಯನ್ನು ದಾಟಿತು ಎಂಬುದೇ ಅದರ ತಾತ್ಪರ್ಯ.

ಒಂದು ‘ಲ’ ಹೆಚ್ಚಾದರೆ

ಇದೆಲ್ಲ ವ್ಯಾಕರಣದ ವಿನೋದವೆಂದು ತಳ್ಳಿಹಾಕುವಂತಿಲ್ಲ. ಇದೇ ಅಕ್ಷರವು ನಿಷೇಧದ ಮಾತಿಗೆ ಅಂಟಿದಾಗ ಅರ್ಥವೇ ಬೇರೆಯಾಗುತ್ತದೆ. ‘ಬು ಛ್ಯೂ’ ಎಂದರೆ ‘ಹೋಗುವುದಿಲ್ಲ’. ‘ಬು ಛ್ಯೂ ಲ’ ಎಂದರೆ ‘ಇನ್ನು ಹೋಗುವುದಿಲ್ಲ’; ಹೋಗಬೇಕೆಂದಿದ್ದವನು ಮನಸ್ಸು ಬದಲಿಸಿದ್ದಾನೆ. ಮೊದಲನೆಯದು ಬರಿಯ ನಿರಾಕರಣೆ, ಎರಡನೆಯದು ಒಂದು ಸಣ್ಣ ಕಥೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹಿಂದೆ ಬೀಜಿಂಗಿನಲ್ಲಿ ಓದಿದ ವಿದ್ಯಾರ್ಥಿಯೊಬ್ಬ ಹಲವು ವರ್ಷಗಳ ಮೇಲೆ ಮರಳಿ ಬಂದು, ತನ್ನನ್ನು ಮಗನಂತೆ ಕಂಡಿದ್ದ ಮನೆಯಜ್ಜಿಯನ್ನು ಹುಡುಕಿಕೊಂಡು ಅದೇ ಓಣಿಗೆ ಹೋಗುತ್ತಾನೆ. ಕೈಯಲ್ಲಿ ಹಣ್ಣಿನ ಪೊಟ್ಟಣ. ಬಾಗಿಲು ತೆರೆದ ಹುಡುಗಿ “ಥಾ ಬು ತ್ಸಾಯ್” ಎಂದರೆ ‘ಅವರು ಮನೆಯಲ್ಲಿಲ್ಲ’ ಎಂದರ್ಥ. ಹೊಸ್ತಿಲ ಬಳಿ ಕುಳಿತು ಕಾಯಬಹುದು. ಸಂತೆಗೆ ಹೋದವರು ಬಂದಾರು. ಆದರೆ ಅವಳು “ಥಾ ಬು ತ್ಸಾಯ್ ಲ” ಎಂದರೆ ಕಾಯುವುದಕ್ಕೇನೂ ಉಳಿದಿಲ್ಲ. ವ್ಯಕ್ತಿಯನ್ನು ಕುರಿತು ಹೀಗೆಂದಾಗ ಆ ಮಾತಿಗೆ ಸಾಮಾನ್ಯವಾಗಿ ಇರುವುದು ಒಂದೇ ಅರ್ಥ: ಅವರು ತೀರಿಕೊಂಡರು. ‘ಲ’ಕಾರಕ್ಕೆ ಕಿವಿಗೊಡದ ವಿದ್ಯಾರ್ಥಿ ನಗುನಗುತ್ತ “ಯಾವಾಗ ಬರುತ್ತಾರೆ?” ಎಂದು ಕೇಳಿಬಿಡುತ್ತಾನೆ. ಆ ಹುಡುಗಿ ಏನೆಂದು ಉತ್ತರ ಕೊಟ್ಟಾಳು?

ಇಂಗ್ಲಿಷಿನಲ್ಲಿ ಈ ವ್ಯತ್ಯಾಸವನ್ನು ತೋರಿಸಲು ವಾಕ್ಯವನ್ನೇ ಬದಲಿಸಬೇಕು. ಕನ್ನಡದಲ್ಲಿ ಹಾಗಿಲ್ಲ. ‘ಅವರು ಇಲ್ಲ’ ಎಂಬುದಕ್ಕೂ ‘ಅವರು ಇನ್ನಿಲ್ಲ’ ಎಂಬುದಕ್ಕೂ ಇರುವ ದೂರ ಬದುಕಿಗೂ ಸಾವಿಗೂ ಇರುವ ದೂರವೇ. ಪತ್ರಿಕೆಯ ಮುಖಪುಟದಲ್ಲಿ ‘ಇನ್ನಿಲ್ಲ’ ಎಂಬ ಒಂದು ಪದವನ್ನು ಕಂಡರೆ ಸಾಕು, ಮುಂದಿನದನ್ನು ಓದದೆಯೇ ಮನಸ್ಸು ಮಂಕಾಗುತ್ತದೆ. ಒಂದು ‘ಇನ್ನು’ ಕನ್ನಡದಲ್ಲಿ ಹೊರುವ ಭಾರವನ್ನು ಅಲ್ಲಿ ಒಂದು ‘ಲ’ ಹೊರುತ್ತದೆ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ. ಆದರೂ ಸಾವಿನ ಸುದ್ದಿಯನ್ನು ಮೆಲ್ಲಗೆ ಹೇಳಬೇಕಾದಾಗ ಎರಡೂ ಹಿಡಿದ ದಾರಿ ಒಂದೇ: ಇದ್ದವರು, ಇನ್ನು ಇಲ್ಲ.

ವಿದ್ಯಾಪೀಠಗಳ ಬಡಾವಣೆಯಲ್ಲಿ

ಓಣಿಗಳಿಂದ ವಾಯವ್ಯಕ್ಕೆ, ಹಾಯ್‌ದ್ಯೆನ್ ಜಿಲ್ಲೆಯಲ್ಲಿ, ವೂದಾವ್‌ಕೌ ಎಂಬ ಬಡಾವಣೆಯಿದೆ. ಹತ್ತಿರದಲ್ಲೇ ಛಿಂಗ್‌ಹ್ವಾ ವಿಶ್ವವಿದ್ಯಾಲಯ. 1950ರಲ್ಲಿ ಪೂರ್ವ ಯುರೋಪಿನಿಂದ ಬಂದ ವಿದ್ಯಾರ್ಥಿಗಳಿಗಾಗಿ ಚೀನೀ ಭಾಷೆಯ ವಿಶೇಷ ತರಗತಿ ತೆರೆದದ್ದು ಅಲ್ಲಿಯೇ. 1962ರಲ್ಲಿ ವಿದೇಶೀ ವಿದ್ಯಾರ್ಥಿಗಳಿಗೆಂದೇ ಒಂದು ಪ್ರತ್ಯೇಕ ಶಾಲೆ ಸ್ಥಾಪನೆಯಾಯಿತು. ಅದೇ ಬೆಳೆದು ಇಂದಿನ ಬೀಜಿಂಗ್ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯವಾಗಿದೆ. ಭಾರತದಲ್ಲಿ ಚೀನೀ ಅಧ್ಯಯನಕ್ಕೆ ಇದಕ್ಕಿಂತ ಮೊದಲೇ ಒಂದು ನೆಲೆ ದೊರೆತಿತ್ತು: ಶಾಂತಿನಿಕೇತನದ ಚೀನಾಭವನವು 1937ರ ಏಪ್ರಿಲ್ 14ರಂದು ಆರಂಭವಾಯಿತು, ತಾನ್ ಯುನ್‌ಶಾನ್ ಎಂಬ ಚೀನೀ ವಿದ್ವಾಂಸರು ಅದರ ಮೊದಲ ನಿರ್ದೇಶಕರಾಗಿದ್ದರು.

ವೂದಾವ್‌ಕೌ ಬೀದಿಗಳಲ್ಲಿ ನಾನಾ ದೇಶಗಳ ತರುಣ ತರುಣಿಯರು ಮುರುಕು ಚೀನಿಯಲ್ಲೇ ಒಬ್ಬರನ್ನೊಬ್ಬರು ಮಾತನಾಡಿಸುತ್ತಾರೆ. ಅವರ ತರಗತಿಗಳಲ್ಲಿ ಎದುರಾಗುವ ಒಂದು ಜೋಡಿ ವಾಕ್ಯ ಬಹಳ ಪ್ರಸಿದ್ಧ. “ವೋ ಶ್ವೇ ಲ ಸಾನ್ ನ್ಯೆನ್ ಜುಂಗ್‌ವೆನ್” ಎಂದರೆ ‘ನಾನು ಮೂರು ವರ್ಷ ಚೀನೀ ಭಾಷೆಯನ್ನು ಕಲಿತೆ’. ಕೇಳಿದವರು, ಈಗ ಅದನ್ನು ಬಿಟ್ಟಿರಬಹುದು ಎಂದುಕೊಳ್ಳುತ್ತಾರೆ. ಅದೇ ವಾಕ್ಯದ ಕೊನೆಗೆ ಮತ್ತೊಂದು ‘ಲ’ವನ್ನು ಸೇರಿಸಿದರೆ ‘ನಾನು ಕಲಿಯಲಾರಂಭಿಸಿ ಮೂರು ವರ್ಷವಾಯಿತು’ ಎಂದಾಗುತ್ತದೆ. ಕಲಿಕೆ ಇನ್ನೂ ನಡೆದಿದೆ ಎಂಬ ಸೂಚನೆ ಅದರಲ್ಲಿದೆ. ಕೆಲಸ ಕೇಳಲು ಹೋದವನು ಮೊದಲನೆಯ ವಾಕ್ಯವನ್ನು ಹೇಳಿದರೆ ಕಲಿತು ಕೈಬಿಟ್ಟವನೆನಿಸಿಕೊಳ್ಳಬಹುದು. ಎರಡನೆಯದನ್ನು ಹೇಳಿದರೆ ಶ್ರದ್ಧಾವಂತ ವಿದ್ಯಾರ್ಥಿಯೆನಿಸಿಕೊಳ್ಳುತ್ತಾನೆ.

ಹಾಗೆಂದರೆ ‘ಲ’ಗಳು ಎರಡು. ಕ್ರಿಯಾಪದದ ಬೆನ್ನಿಗೆ ಅಂಟಿ ಬರುವುದು ಒಂದು. ಕೆಲಸ ಪೂರ್ತಿಯಾಯಿತೆಂದು ಅದು ಹೇಳುತ್ತದೆ. ಇಡೀ ವಾಕ್ಯದ ತುದಿಯಲ್ಲಿ ನಿಲ್ಲುವುದು ಇನ್ನೊಂದು. ಪರಿಸ್ಥಿತಿ ಬದಲಾಯಿತೆಂದು, ಆ ಬದಲಾವಣೆ ಈ ಹೊತ್ತಿಗೆ ಸಂಬಂಧಪಟ್ಟದ್ದೆಂದು ಅದು ಹೇಳುತ್ತದೆ. ಕ್ರಿಯಾಪದವೇ ವಾಕ್ಯದ ಕೊನೆಯಲ್ಲಿ ಬಂದಾಗ ಒಂದೇ ‘ಲ’ ಎರಡು ಕೆಲಸವನ್ನೂ ಮಾಡುವುದುಂಟು. ಒಗಟು ಬಿಗಿಯುವುದು ಇಲ್ಲಿಯೇ.

ಮೊದಲನೆಯ ‘ಲ’ಕ್ಕೂ ಭೂತಕಾಲಕ್ಕೂ ಗಂಟುಹಾಕುವಂತಿಲ್ಲ. “ಮಿಂಗ್ ಥ್ಯೆನ್ ಛರ್ ಲ ಫಾನ್ ಜ್ಯು ತ್ಸೌ” ಎಂಬಲ್ಲಿ ‘ಮಿಂಗ್ ಥ್ಯೆನ್’ ಎಂದರೆ ನಾಳೆ. ನಾಳೆಯ ಮಾತಿನಲ್ಲಿ ‘ಲ’ ಹೇಗೆ ಬಂತು? ‘ನಾಳೆ ಊಟ ಮಾಡಿ ಹೊರಡುತ್ತೇನೆ’ ಎಂಬ ಕನ್ನಡ ವಾಕ್ಯದಲ್ಲಿ ‘ಮಾಡಿ’ ಬಂದ ಹಾಗೆ. ಭೂತನ್ಯೂನವೆಂದು ವ್ಯಾಕರಣದಲ್ಲಿ ಅದಕ್ಕೆ ಹೆಸರಿದ್ದರೂ ಭವಿಷ್ಯತ್ತಿನ ಮಾತಿನಲ್ಲಿ ಅದು ನಿರಾತಂಕವಾಗಿ ಓಡಾಡುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು ಎಂಬುದಷ್ಟೇ ಅದರ ಕಾಳಜಿ.

ಆದರೆ ಕನ್ನಡಿಗನೂ ಎಲ್ಲ ಕಡೆ ಕಣ್ಣು ಮುಚ್ಚಿಕೊಂಡು ನಡೆಯುವಂತಿಲ್ಲ. ಅವನಿಗೂ ಕೆಲವು ಹಳ್ಳಗಳಿವೆ. ‘ನಿನ್ನೆ ಬಹಳ ಚಳಿಯಿತ್ತು’ ಎನ್ನುವಾಗ ‘ಇತ್ತು’ ಎಂಬುದಕ್ಕೆ ಸಮನಾಗಿ ಒಂದು ‘ಲ’ ಹಾಕಬೇಕೆಂದು ಅವನ ನಾಲಗೆ ತುಡಿಯುತ್ತದೆ. ಚೀನೀಯರು “ತ್ಸ್ವೋ ಥ್ಯೆನ್ ಹನ್ ಲಂಗ್” ಎಂದು ಬಿಟ್ಟುಬಿಡುತ್ತಾರೆ: ‘ನಿನ್ನೆ ಬಹಳ ಚಳಿ’. ನಿನ್ನೆ ಎಂದ ಮೇಲೆ ಕಾಲವನ್ನು ಮತ್ತೆ ಹೇಳುವುದೇಕೆ? ಚಿಕ್ಕಂದಿನಲ್ಲಿ ದಿನವೂ ನದಿಗೆ ಹೋಗುತ್ತಿದ್ದೆ ಎಂಬಂಥ ರೂಢಿಯ ಮಾತಿನಲ್ಲೂ ‘ಲ’ ಇಲ್ಲ. ಅಲ್ಲಿ ತಿರುವಿಲ್ಲ, ಎಲ್ಲ ದಿನವೂ ಒಂದೇ. “ವೋ ಮೇ ಛ್ಯೂ”, ‘ನಾನು ಹೋಗಲಿಲ್ಲ’, ಎಂಬಲ್ಲಿಯೂ ಇಲ್ಲ. ನಡೆಯದ ಕೆಲಸ ಪೂರ್ತಿಯಾಗುವುದೆಂತು? ‘ಲ’ವನ್ನು ಎಲ್ಲಿ ಹಾಕಬೇಕೆಂಬುದು ಅರ್ಧ ವಿದ್ಯೆ, ಎಲ್ಲಿ ಹಾಕಬಾರದೆಂಬುದು ಉಳಿದರ್ಧ.

ಬೇರೆಯವರ ಅಳತೆಗೋಲು

ಇಂಥ ಸೂಕ್ಷ್ಮಗಳನ್ನು ಚೀನೀಯರೇ ವ್ಯಾಕರಣ ಬರೆದು ಮೊದಲೇ ಬಗೆಹರಿಸಿರಬೇಕೆಂದು ವಾಚಕರು ಭಾವಿಸಬಹುದು. ಆದರೆ ನಿಘಂಟುಗಳೂ ಉಚ್ಚಾರಣೆಯ ಶಾಸ್ತ್ರವೂ ಪುರಾತನವಾಗಿದ್ದ ಆ ನಾಡಿನಲ್ಲಿ ಚೀನೀ ವಿದ್ವಾಂಸನೊಬ್ಬ ಪಾಶ್ಚಾತ್ಯ ಮಾದರಿಯ ಕ್ರಮಬದ್ಧ ವ್ಯಾಕರಣವನ್ನು ಬರೆದದ್ದು 1898ರಲ್ಲಿ. ಬರೆದವರು ಮಾ ಜ್ಯೆನ್‌ಜುಂಗ್. ಫ್ರಾನ್ಸಿನಲ್ಲಿ ಓದಿ ಬಂದಿದ್ದ ಅವರು ಲ್ಯಾಟಿನ್ ವ್ಯಾಕರಣದ ಚೌಕಟ್ಟನ್ನು ಪ್ರಾಚೀನ ಚೀನೀ ಗದ್ಯಕ್ಕೆ ಅಳವಡಿಸಿದರು. ಕನ್ನಡದಲ್ಲಿ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ವನ್ನು ರಚಿಸಿದ್ದನು, ಅವನ ಕೈಯಲ್ಲಿದ್ದದ್ದು ಸಂಸ್ಕೃತದ ಅಳತೆಗೋಲು. ಬೇರೆಯವರ ಕೋಲಿನಿಂದ ಅಳೆದಾಗ ಬಟ್ಟೆಯ ಉದ್ದವೇನೋ ಸಿಕ್ಕುತ್ತದೆ. ನೇಯ್ಗೆಯ ಬಗೆ ಸಿಕ್ಕುವುದಿಲ್ಲ. ಕೇಶಿರಾಜನ ಹಿರಿಮೆಯೆಂದರೆ ಕನ್ನಡಕ್ಕೇ ಮೀಸಲಾದ ಲಕ್ಷಣಗಳನ್ನೂ ಅವನು ಗುರುತಿಸಿದ್ದು. ಚೀನೀ ಆಡುಮಾತಿನ ಲಕ್ಷಣಗಳನ್ನು ಅದರ ನೇಯ್ಗೆಯೊಳಗಿಂದಲೇ ನೋಡುವ ಕೆಲಸ ಇಪ್ಪತ್ತನೆಯ ಶತಮಾನಕ್ಕೆ ಉಳಿಯಿತು.

ಥ್ಯೆನ್‌ಜಿನ್ ನಗರದಲ್ಲಿ 1892ರಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಜಾವ್ ಯ್ವೆನ್‌ರೆನ್ ಅವರು 1968ರಲ್ಲಿ ಆಡುಮಾತಿನ ಬೃಹದ್ ವ್ಯಾಕರಣವನ್ನು ಪ್ರಕಟಿಸಿದರು. ವಾಕ್ಯದ ತುದಿಯ ‘ಲ’ ಒಂದಕ್ಕೇ ಅದರಲ್ಲಿ ಏಳು ಬಗೆಯ ಪ್ರಯೋಗಗಳನ್ನು ಪಟ್ಟಿಮಾಡಲಾಗಿದೆ. ಬೀಜಿಂಗಿನಲ್ಲಿ ಲ್ಯೂ ಶುಶ್ಯಾಂಗ್ ಅವರ ಸಂಪಾದಕತ್ವದಲ್ಲಿ 1980ರಲ್ಲಿ ಹೊರಬಂದ ‘ಆಧುನಿಕ ಚೀನಿಯ ಎಂಟುನೂರು ಪದಗಳು’ ಎಂಬ ಕೋಶವು ಎರಡು ‘ಲ’ಗಳಿಗೂ ಒಂದು, ಎರಡು ಎಂದು ಅಂಕೆ ಹಾಕಿ ಬೇರ್ಪಡಿಸಿತು. ಮರುವರ್ಷ ಚಾರ್ಲ್ಸ್ ಲೀ ಮತ್ತು ಸಾಂಡ್ರಾ ಥಾಂಪ್ಸನ್ ಎಂಬ ವಿದ್ವಾಂಸರು, ವಾಕ್ಯಾಂತ್ಯದ ‘ಲ’ದ ತಿರುಳೆಂದರೆ ಈ ಹೊತ್ತಿಗೆ ಸಂಬಂಧಪಟ್ಟ ಸ್ಥಿತಿ ಎಂದು ಒಂದೇ ಮಾತಿನಲ್ಲಿ ಹಿಡಿಯಲು ಯತ್ನಿಸಿದರು. ಅದರ ಮೇಲಿನ ಚರ್ಚೆ ಇಂದಿಗೂ ನಿಂತಿಲ್ಲ.

ಮರುಭೂಮಿಯ ಗುಹೆಯ ಸಾಕ್ಷ್ಯ

ಒಂದೇ ಅಕ್ಷರಕ್ಕೆ ಇಷ್ಟೊಂದು ಬಗೆ ಹೇಗೆ ಬಂತೆಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಬೀಜಿಂಗಿನಿಂದ ಬಹುದೂರ ಪಶ್ಚಿಮಕ್ಕೆ, ಮರುಭೂಮಿಯ ಅಂಚಿನ ದುನ್‌ಹ್ವಾಂಗ್ ಎಂಬಲ್ಲಿ ಬೌದ್ಧ ಗುಹೆಗಳ ಸಾಲಿದೆ. 1900ರಲ್ಲಿ ಅಲ್ಲಿ ಮುಚ್ಚಿಹೋಗಿದ್ದ ಕೋಣೆಯೊಂದು ತೆರೆದು ಸಾವಿರಾರು ಹಸ್ತಪ್ರತಿಗಳು ಬೆಳಕಿಗೆ ಬಂದವು. ಅವುಗಳಲ್ಲಿ ಜನಸಾಮಾನ್ಯರಿಗೆ ಓದಿ ಹೇಳುತ್ತಿದ್ದ ಕಥೆಗಳೂ ಇವೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದ ಹ್ಯೂಯೆನ್‌ತ್ಸಾಂಗನ ಕಾಲದಲ್ಲಿ, ಏಳನೆಯ ಶತಮಾನದಲ್ಲಿ, ಈ ‘ಲ’ ಇನ್ನೂ ‘ಲ್ಯಾವ್’ ಎಂಬ ತುಂಬು ಕ್ರಿಯಾಪದವಾಗಿತ್ತು; ‘ಮುಗಿ’, ‘ತೀರು’ ಎಂದು ಅದರ ಅರ್ಥ. ಗುಹೆಯ ಕಥೆಗಳಲ್ಲಿ ಅದು ಕರ್ಮಪದವೂ ಕ್ರಿಯಾಪದವೂ ಮುಗಿದ ಮೇಲೆ ಬಂದು ನಿಲ್ಲುತ್ತದೆ: ‘ಮಾತು ಆಡಿ ಮುಗಿಯಿತು’, ‘ಅನ್ನ ಉಂಡು ಆಯಿತು’ ಎಂಬ ರೀತಿಯಲ್ಲಿ. ಕಾಲಕ್ರಮದಲ್ಲಿ ಅದು ಸವೆದು, ಸ್ವರ ಕುಗ್ಗಿ, ಕ್ರಿಯಾಪದದ ಮಗ್ಗುಲಿಗೆ ಸರಿಯಿತು. ಈಗಲೂ ಅದೇ ಅಕ್ಷರವನ್ನು ಕೆಲವು ಮಾತುಗಳಲ್ಲಿ ‘ಲ್ಯಾವ್’ ಎಂದೇ ಓದುತ್ತಾರೆ. ‘ಊಟ ಮಾಡಿ ಆಯಿತು’ ಎಂಬಲ್ಲಿನ ‘ಆಯಿತು’ ಇನ್ನೂ ಸವೆಯದ ನಾಣ್ಯ. ‘ಲ’ ಸಾವಿರ ವರ್ಷ ಕೈಬದಲಿ ನುಣುಪಾದ ನಾಣ್ಯ.

ದಕ್ಷಿಣದಲ್ಲಿ ಬಿಡಿಸಿದ ಗಂಟು

ಬೀಜಿಂಗಿನಲ್ಲಿ ಹೊಸೆದುಕೊಂಡಿರುವ ಎರಡು ಎಳೆಗಳನ್ನು ಬಿಡಿಬಿಡಿಯಾಗಿ ನೋಡಬೇಕೆನ್ನುವವನು ದಕ್ಷಿಣಕ್ಕೆ ಹೋಗಬೇಕು. 2012ರ ಡಿಸೆಂಬರ್ 26ರಂದು ಬೀಜಿಂಗಿನಿಂದ ಗ್ವಾಂಗ್‌ಜೌವರೆಗೆ ವೇಗದ ರೈಲುದಾರಿ ಸಂಚಾರಕ್ಕೆ ತೆರೆಯಿತು. ದೂರ 2,298 ಕಿಲೋಮೀಟರ್; ಪ್ರಯಾಣ ಸುಮಾರು ಎಂಟು ಗಂಟೆ. ಬೆಳಿಗ್ಗೆ ಒಣ ಹವೆಯ ಗೋಧಿಯ ಬಯಲನ್ನು ಬಿಟ್ಟವನು ಹಳದಿ ನದಿಯನ್ನೂ ಯಾಂಗ್‌ತ್ಸೆ ಮಹಾನದಿಯನ್ನೂ ದಾಟಿ, ಸಂಜೆಯ ಹೊತ್ತಿಗೆ ಬಾಳೆಯ ಗಿಡಗಳೂ ಬತ್ತದ ಗದ್ದೆಗಳೂ ಇರುವ ಬೆಚ್ಚನೆಯ ಸೀಮೆಗೆ ಬಂದಿಳಿಯುತ್ತಾನೆ.

ಅಲ್ಲಿನ ಜನರ ಮನೆಮಾತು ಕ್ಯಾಂಟನೀಸ್. ಬರೆಯುವ ಲಿಪಿ ಒಂದೇ ಆದರೂ ಬೀಜಿಂಗಿನವನಿಗೆ ಆ ಮಾತು ಕಿವಿಗೆ ಅರ್ಥವಾಗದು. ಆ ಭಾಷೆಯಲ್ಲಿ ಕೆಲಸ ಪೂರ್ತಿಯಾದುದನ್ನು ಹೇಳುವ ಪ್ರತ್ಯಯ ‘ತ್ಸೊ’. ಸ್ಥಿತಿ ಬದಲಾದುದನ್ನು ಹೇಳುವ ವಾಕ್ಯಾಂತ್ಯದ ಮಾತು ‘ಲಾ’. ಎರಡೂ ಬೇರೆ ಬೇರೆ. ಬೆರಕೆಗೆ ಆಸ್ಪದವೇ ಇಲ್ಲ. “ಲೋಕ್ ಯೂ ಲಾ” ಎಂದರೆ ‘ಮಳೆ ಬಂತು’. “ಙೊ ಸಿಕ್ ತ್ಸೊ ಫಾನ್ ಲಾ” ಎಂದರೆ ‘ನನ್ನ ಊಟ ಆಯಿತು’. ಇಲ್ಲಿ ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆ. ಕನ್ನಡ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಗ್ವಾಂಗ್‌ಜೌ ನಗರದಲ್ಲಿ ‘ನಾನು’ ಎಂಬ ದೊಡ್ಡ ಅಧಿಕಾರವೇ ದೊರೆತಿರುವುದನ್ನೂ ಪ್ರಯಾಣಿಕನು ಗಮನಿಸಬಹುದು. ಬೀಜಿಂಗಿನ ಒಂದೇ ‘ಲ’ದಲ್ಲಿ ಎರಡು ಜೀವಗಳಿವೆ ಎಂದು ವ್ಯಾಕರಣಕಾರರು ವಾದಿಸಿ ತೋರಿಸಬೇಕಾದುದನ್ನು ಗ್ವಾಂಗ್‌ಜೌವಿನ ಚಹದಂಗಡಿಯ ಹುಡುಗನು ಯಾವ ವಾದವೂ ಇಲ್ಲದೆ ದಿನಕ್ಕೆ ನೂರು ಸಲ ತೋರಿಸುತ್ತಾನೆ.

ಕನ್ನಡ ನಾಡಿನಿಂದ ಚೀನೀ ಭಾಷೆಯನ್ನು ಕಲಿಯಹೊರಡುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಪುಸ್ತಕವನ್ನೇ ಹಿಡಿಯಬೇಕಾಗುತ್ತದೆ. ಆ ಪುಸ್ತಕ ‘ಲ’ವನ್ನು ಇಂಗ್ಲಿಷಿನ ಕಾಲಗಳಿಗೆ ಹೊಂದಿಸಲು ಹೆಣಗುತ್ತದೆ, ಓದುವವನೂ ಅದರೊಡನೆ ಹೆಣಗುತ್ತಾನೆ. ಬೀಗ ತೆರೆಯುವ ಕೀಲಿಕೈ ಮಾತ್ರ ಅವನ ಮನೆಯ ಗೂಟದಲ್ಲಿಯೇ ನೇತಾಡುತ್ತಿರುತ್ತದೆ. ಬಂದೆ, ಬಂತು, ಆಯಿತು, ಹೊರಟೆ, ಇನ್ನಿಲ್ಲ: ಈ ಐದು ಮಾತುಗಳನ್ನು ಎಂದು, ಯಾಕೆ ಆಡುತ್ತೇವೆಂದು ಅವನು ಒಮ್ಮೆ ಯೋಚಿಸಿದರೆ ಒಗಟಿನ ಮುಕ್ಕಾಲು ಪಾಲು ಬಿಚ್ಚುತ್ತದೆ. ‘ಇದು ಯಾವಾಗ ನಡೆಯಿತು?’ ಎಂದು ಕೇಳುವುದನ್ನು ಬಿಟ್ಟು, ‘ಈ ಮಾತಿಗೆ ಮೊದಲು ಹೇಗಿತ್ತು, ಈಗ ಹೇಗಾಯಿತು?’ ಎಂದು ಕೇಳಿಕೊಂಡರೆ ‘ಲ’ ತಾನಾಗಿಯೇ ತನ್ನ ಸ್ಥಾನಕ್ಕೆ ಬಂದು ಕುಳಿತುಕೊಳ್ಳುತ್ತದೆ. ಉಳಿದ ಕಾಲು ಪಾಲನ್ನು ಓಣಿಯ ಮುದುಕರೂ ಸಂತೆಯ ಗಿರಾಕಿಗಳೂ ಬಾಗಿಲು ತೆರೆಯುವ ಮಕ್ಕಳೂ ಕಲಿಸುತ್ತಾರೆ. ಅದಕ್ಕೆ ಪುಸ್ತಕ ಸಾಲದು. ಕಿವಿಗೊಟ್ಟು ಕೇಳುವ ತಾಳ್ಮೆ ಬೇಕು.